ವಿಯೆಟ್ನಾಂ ಸಿನಿಮಾ ಅಂದ್ರೆ ಬರೀ ಹೆಲಿಕಾಪ್ಟರೇನಾ? ಅಲ್ಲಿಯ ಜನರ ಬದುಕು ತೋರಿಸೋ ಚಿತ್ರ ಹೇಳಿ

ಹಾಸನದ_ಪ್ರೇಕ್ಷಕ
ನಮ್ಮೂರಲ್ಲಿ ಒಂದು ಚಿಕ್ಕ ಚಿತ್ರ ಬಳಗ ಇದೆ. ತಿಂಗಳಿಗೊಂದು ಭಾನುವಾರ ಸೇರಿ ಸಿನಿಮಾ ನೋಡಿ ಮಾತಾಡ್ತೀವಿ. ಮುಂದಿನ ಸರಣಿ ವಿಯೆಟ್ನಾಂ ಮೇಲೆ ಅಂತ ತೀರ್ಮಾನ ಆಯ್ತು. ಪಟ್ಟಿ ಮಾಡೋಕೆ ಕೂತಾಗ ಎಲ್ಲರ ಬಾಯಲ್ಲೂ ಅಮೆರಿಕದವರ ಅವೇ ಯುದ್ಧ ಚಿತ್ರಗಳ ಹೆಸರು: 'ಅಪೋಕ್ಯಾಲಿಪ್ಸ್ ನೌ', 'ಪ್ಲಟೂನ್', 'ಫುಲ್ ಮೆಟಲ್ ಜಾಕೆಟ್', 'ದಿ ಡೀರ್ ಹಂಟರ್'. ನಾಲ್ಕೂ ನಾನು ನೋಡಿದ್ದೀನಿ, ಕಸುಬಿನ ಬಗ್ಗೆ ತಕರಾರಿಲ್ಲ. ಆದರೆ ಈ ನಾಲ್ಕರಲ್ಲಿ ನೆನಪಿರೋ ಒಂದು ವಿಯೆಟ್ನಾಂ ಪಾತ್ರದ ಹೆಸರು ಹೇಳಿ ಅಂದಾಗ ಬಳಗದಲ್ಲಿ ಒಬ್ಬರಿಗೂ ಹೇಳೋಕಾಗಲಿಲ್ಲ. ಅಲ್ಲಿಯ ಜನ ಏನು ಉಣ್ತಾರೆ, ಮನೆ ಹೇಗಿರುತ್ತೆ, ಸತ್ತವರಿಗೆ ಏನು ಮಾಡ್ತಾರೆ, ಒಂದೂ ಗೊತ್ತಾಗಲ್ಲ. ಕಾಡು, ಹೆಲಿಕಾಪ್ಟರು, ಓಡೋ ಹೆಂಗಸರು, ಅಷ್ಟೇ. ಅಲ್ಲಿಯವರದೇ ಕಥೆ ಇರೋ ಸಿನಿಮಾ ಯಾವುದು? ನಾಲ್ಕೈದು ಹೆಸರು ಸಿಕ್ಕರೆ ಸಾಕು, ಯಾಕೆ ನೋಡಬೇಕು ಅಂತಲೂ ಎರಡು ಸಾಲು ಬರೀರಿ.

ಹಳೇ_ರೀಲು
ಇನ್ನೊಂದು ವಿಷಯ ಸೇರಿಸ್ತೀನಿ ಸರ್. ನೀವು ಹೇಳಿದ ನಾಲ್ಕರಲ್ಲಿ ಒಂದರ ಕ್ಯಾಮೆರಾ ಕೂಡ ವಿಯೆಟ್ನಾಂ ನೆಲ ನೋಡಿಲ್ಲ. ಮೊದಲೆರಡು ಫಿಲಿಪ್ಪೀನ್ಸಿನಲ್ಲಿ ತೆಗೆದದ್ದು. 'ಅಪೋಕ್ಯಾಲಿಪ್ಸ್ ನೌ' ನಿರ್ದೇಶಕ ಕೊಪ್ಪೊಲಾಗೆ ಹೆಲಿಕಾಪ್ಟರ್ ಕೊಟ್ಟದ್ದು ಅಲ್ಲಿನ ಮಾರ್ಕೋಸ್ ಸರ್ಕಾರದ ಸೈನ್ಯ. ಅವರಿಗೆ ಬಂಡುಕೋರರ ಮೇಲೆ ಹೋಗೋ ಕೆಲಸ ಬಂದಾಗ ಶೂಟಿಂಗ್ ಮಧ್ಯದಲ್ಲೇ ವಾಪಸ್ ಕರೆಸಿಕೊಳ್ತಿದ್ರು. ಕೊನೆಯ ಭಾಗದಲ್ಲಿ ಬರೋ ಬುಡಕಟ್ಟಿನ ಜನ ಫಿಲಿಪ್ಪೀನ್ಸಿನ ಇಫುಗಾವೊಗಳು. 'ಫುಲ್ ಮೆಟಲ್ ಜಾಕೆಟ್' ಮಾಡಿದ ಕ್ಯೂಬ್ರಿಕ್ ಅಂತೂ ಲಂಡನ್ ಹೊರವಲಯದ ಬೆಕ್ಟನ್ ಗ್ಯಾಸ್ ಕಾರ್ಖಾನೆಯ ಪಾಳು ಕಟ್ಟಡಗಳನ್ನೇ ವಿಯೆಟ್ನಾಮಿನ ಹುವೆ ನಗರ ಮಾಡಿ, ಸ್ಪೇನಿನಿಂದ ತಾಳೆ ಮರ ತರಿಸಿ ನೆಡಿಸಿದ. 'ಡೀರ್ ಹಂಟರ್'ನ ಯುದ್ಧದ ಭಾಗ ಥಾಯ್ಲೆಂಡು. ಅದರಲ್ಲಿ ಕೈದಿಗಳ ತಲೆಗೆ ಪಿಸ್ತೂಲಿಟ್ಟು ಜೂಜಾಡೋ ದೃಶ್ಯ ಇದೆಯಲ್ಲ, ಹಾಗೆ ನಡೆದದ್ದಕ್ಕೆ ದಾಖಲೆ ಇಲ್ಲ ಅಂತ ಆಗಲೇ ಯುದ್ಧ ವರದಿಗಾರರು ಜಗಳ ತೆಗೆದಿದ್ರು. ಆದರೂ ಜಗತ್ತಿನ ಅರ್ಧ ಜನಕ್ಕೆ ವಿಯೆಟ್ನಾಮಿಗಳು ಅಂದ್ರೆ ಆ ದೃಶ್ಯವೇ.

ತುಮಕೂರು_ಟಾಕೀಸ್
ಅವು ಅಮೆರಿಕದ ಸೈನಿಕನ ಕಥೆಗಳು. ಅದರಲ್ಲಿ ವಿಯೆಟ್ನಾಂ ಅಡುಗೆಮನೆ ಹುಡುಕೋದು ಯಾಕೆ? ನಿರ್ದೇಶಕ ತನಗೆ ಗೊತ್ತಿರೋದನ್ನ ಮಾಡ್ತಾನೆ.

ಹಳೇ_ರೀಲು
ಮಾಡಲಿ, ಬೇಡ ಅಂದವರಾರು? ಆ ಒಂದು ಕಥೆಯನ್ನೇ ಇಡೀ ದೇಶ ಅಂತ ನಾವು ಐವತ್ತು ವರ್ಷದಿಂದ ನೋಡ್ತಿದ್ದೀವಲ್ಲ, ತಕರಾರು ಅದು.

ಕುಂದಾಪ್ರದ_ಹೆಣ್ಣು
'ದಿ ಸೆಂಟ್ ಆಫ್ ಗ್ರೀನ್ ಪಪಾಯ', 1993. ಕಣ್ಣು ಮುಚ್ಚಿ ಮೊದಲನೇದಾಗಿ ಹಾಕಿ ಮಾರಾಯ್ರೆ. ಟ್ರಾನ್ ಆನ್ ಹಂಗ್ ನಿರ್ದೇಶನ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಮೊದಲ ಚಿತ್ರಕ್ಕೆ ಕೊಡೋ ಕ್ಯಾಮೆರಾ ದೋರ್ ಬಂತು, ಆಸ್ಕರ್‌ನ ಕೊನೇ ಐದರೊಳಗೂ ಹೋಯ್ತು. 1951ರ ಸೈಗಾನ್, ಅಂದ್ರೆ ಈಗಿನ ಹೋಚಿಮಿನ್ ನಗರ. ಮೂಯಿ ಅನ್ನೋ ಹಳ್ಳಿ ಹುಡುಗಿ ಒಂದು ಮನೆಗೆ ಕೆಲಸಕ್ಕೆ ಬರ್ತಾಳೆ. ಹಳೇ ಕೆಲಸದಾಕೆ ಅವಳಿಗೆ ಅಡುಗೆ ಕಲಿಸ್ತಾಳೆ. ಎಳೇ ಪಪ್ಪಾಯಿ ಕಾಯಿಯನ್ನು ಅಂಗೈಲಿ ಹಿಡಿದು, ಕತ್ತಿಯಿಂದ ಉದ್ದುದ್ದಕ್ಕೆ ಟಕಟಕ ಕೊಚ್ಚಿ, ಮೇಲಿಂದ ಹೆರೆದು ಎಳೆ ಎಳೆಯಾಗಿ ಬೀಳಿಸೋದು. ಗಿಡದಿಂದ ಕಾಯಿ ಕೊಯ್ದಾಗ ಬಿಳೀ ಹಾಲು ಕೆಳಗಿನ ಎಲೆ ಮೇಲೆ ತೊಟ್ಟಿಕ್ಕುತ್ತೆ, ಹುಡುಗಿ ಅದನ್ನೇ ನೋಡ್ತಾ ನಿಲ್ತಾಳೆ. ಆಮೇಲೆ ಕಾಯಿ ಸೀಳಿ ಒಳಗಿನ ಬಿಳೀ ಬೀಜ ಬೆರಳಲ್ಲಿ ಮುಟ್ಟಿ ನೋಡ್ತಾಳೆ. ಯುದ್ಧ ಇದೆ, ಆದರೆ ಮನೆ ಮೇಲೆ ಹಾರೋ ವಿಮಾನದ ಸದ್ದು, ಕರ್ಫ್ಯೂ ಸೈರನ್, ಅಷ್ಟರಲ್ಲೇ.

ತುಮಕೂರು_ಟಾಕೀಸ್
ಅದನ್ನ ಪೂರ್ತಿ ಫ್ರಾನ್ಸಿನ ಸ್ಟುಡಿಯೋದಲ್ಲಿ ಸೆಟ್ ಹಾಕಿ ತೆಗೆದದ್ದು! ಆ ಗಿಡ, ಕಪ್ಪೆ, ಜೀರುಂಡೆ ಎಲ್ಲ ಸೆಟ್ಟಿನ ಒಳಗೆ. ಕ್ಯೂಬ್ರಿಕ್ ಲಂಡನ್ನಿನಲ್ಲಿ ಮಾಡಿದರೆ ತಪ್ಪು, ಇವರು ಪ್ಯಾರಿಸ್ ಪಕ್ಕದಲ್ಲಿ ಮಾಡಿದರೆ ಕಲೆ. ಇದು ಯಾವ ನ್ಯಾಯ?

ಕುಂದಾಪ್ರದ_ಹೆಣ್ಣು
ಸೆಟ್ ಎಲ್ಲಿತ್ತು ಅನ್ನೋದಲ್ಲ ವಿಷಯ, ಕ್ಯಾಮೆರಾ ಯಾರ ಮುಖ ನೋಡ್ತಾ ಇತ್ತು ಅನ್ನೋದು. ಆ ಮನುಷ್ಯ ವಿಯೆಟ್ನಾಮಿನಲ್ಲೇ ಹುಟ್ಟಿ, 1975ರ ನಂತರ ಹುಡುಗನಾಗಿದ್ದಾಗಲೇ ಫ್ರಾನ್ಸಿಗೆ ಹೋದವರು. ಮಾತೃಭಾಷೆಯಲ್ಲೇ ಸಿನಿಮಾ ಮಾಡಿದ್ದಾರೆ. ಆಮೇಲೆ 'ಸೈಕ್ಲೋ' ಅಂತ ಹೋಚಿಮಿನ್ ನಗರದ ಬೀದಿಯಲ್ಲೇ ತೆಗೆದರು, 1995ರಲ್ಲಿ ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಲಯನ್ ಬಂತು. ಆದರೆ ಬಡತನ, ರೌಡಿಸಂ ತೋರಿಸಿದ್ರು ಅಂತ ಅದಕ್ಕೆ ವಿಯೆಟ್ನಾಮಿನಲ್ಲಿ ಬಿಡುಗಡೆಯೇ ಸಿಗಲಿಲ್ಲ. ಊರಲ್ಲಿ ತೆಗೆದದ್ದು ಊರವರಿಗೆ ಕಾಣಲಿಲ್ಲ, ಸೆಟ್ಟಿನಲ್ಲಿ ತೆಗೆದದ್ದು ದೇಶದ ಹೆಸರಲ್ಲಿ ಆಸ್ಕರ್‌ಗೆ ಹೋಯ್ತು.

ಅಂಗಳದ_ಮಲ್ಲಿಗೆ
ನನಗೆ ಪಪಾಯ ಚಿತ್ರದ ಬಗ್ಗೆ ಬೇರೆ ಸಿಟ್ಟಿದೆ. ಚೆಂದ ಇದೆ, ಒಪ್ತೀನಿ. ಚೆಂದವೇ ತೊಂದರೆ. ಒಂದು ಹುಡುಗಿ ಹತ್ತನೇ ವಯಸ್ಸಿನಿಂದ ಇನ್ನೊಬ್ಬರ ಮನೆಯ ನೆಲ ಒರೆಸ್ತಾಳೆ, ಅವಳ ಬಾಯಲ್ಲಿ ಮಾತೇ ಇಲ್ಲ. ಕೊನೆಗೆ ಯಜಮಾನ ಅವಳನ್ನ ಇಷ್ಟಪಟ್ಟು ಅಕ್ಷರ ಕಲಿಸ್ತಾನೆ, ಅವಳು ಬಸುರಿ ಆಗ್ತಾಳೆ, ಅದೇ ಸುಖಾಂತ. ನೆಲ ಒರೆಸೋದನ್ನ ಅಷ್ಟು ಮುದ್ದಾಗಿ ತೋರಿಸಿದರೆ ಒರೆಸೋಳ ಸೊಂಟ ನೋವು ಯಾರಿಗೆ ಕಾಣುತ್ತೆ? ನಮ್ಮಮ್ಮ ಮನೆಗೆಲಸ ಮಾಡಿ ನನ್ನ ಓದಿಸಿದವಳು. ಆ ಸಿನಿಮಾ ನೋಡುವಾಗ ನನಗೆ ಕೂತಲ್ಲಿ ಕೂರೋಕಾಗಲಿಲ್ಲ.

ಕುಂದಾಪ್ರದ_ಹೆಣ್ಣು
ಅಕ್ಕಾ, ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಬಳಗದಲ್ಲಿ ಇದೇ ಪ್ರಶ್ನೆ ಎತ್ತಬೇಕು.

ಹಳೇ_ರೀಲು
ಈಗ ಒಳಗಿನವರ ಸಿನಿಮಾಕ್ಕೆ ಬರೋಣ. ಯಾರೂ ಹೆಸರೆತ್ತಲಿಲ್ಲ, ನಾನೇ ಹೇಳ್ತೀನಿ. ದಾಂಗ್ ನ್ಯಾತ್ ಮಿನ್ ಅವರ 'ವೆನ್ ದಿ ಟೆಂತ್ ಮಂತ್ ಕಮ್ಸ್', 1984. ಕಪ್ಪು ಬಿಳುಪು. ಸರ್ಕಾರದ ಸ್ಟುಡಿಯೋದಲ್ಲಿ, ಇಲ್ಲದ ಸೌಕರ್ಯದಲ್ಲಿ ಮಾಡಿದ ಚಿತ್ರ.

ಕಥೆ ಇಷ್ಟೇ. ಉತ್ತರದ ಒಂದು ಹಳ್ಳಿ. ಜುಯೆನ್ ಅನ್ನೋ ಹೆಂಗಸಿಗೆ ಗಂಡ ಸೈನ್ಯದಲ್ಲಿ ಸತ್ತ ಅಂತ ಗೊತ್ತಾಗುತ್ತೆ. ಮನೆಯಲ್ಲಿ ಮುದಿ ಮಾವ, ಹಾಸಿಗೆ ಹಿಡಿದವನು. ಒಬ್ಬ ಸಣ್ಣ ಮಗ. ಮಾವನಿಗೆ ಗೊತ್ತಾದರೆ ಉಳಿಯಲ್ಲ ಅಂತ ಸುದ್ದಿ ಮುಚ್ಚಿಡ್ತಾಳೆ. ಗೊತ್ತಿರೋದು ಊರ ಮೇಷ್ಟ್ರು ಖಾಂಗ್‌ಗೆ ಮಾತ್ರ. ಗಂಡ ಬರೆದ ಹಾಗೆ ಕಾಗದ ಬರೆದುಕೊಡಿ ಅಂತ ಅವರನ್ನೇ ಕೇಳ್ತಾಳೆ. ಮೇಷ್ಟ್ರು ಬರೀತಾರೆ. ಊರವರ ಕಣ್ಣಿಗೆ ಇವರಿಬ್ಬರ ಮಧ್ಯೆ ಏನೋ ಇದೆ ಅಂತ ಆಗುತ್ತೆ.

ಆಮೇಲೆ ಊರಲ್ಲಿ ಚೆಯೊ ಆಟ. ಅದು ಉತ್ತರ ವಿಯೆಟ್ನಾಮಿನ ಹಳ್ಳಿಗಳ ಹಾಡು-ಅಭಿನಯದ ಆಟ, ನಮ್ಮ ಬಯಲಾಟದ ಹಾಗೆ ಊರವರೇ ವೇಷ ಕಟ್ತಾರೆ. ಜುಯೆನ್‌ಗೆ ಬಂದ ಪಾತ್ರ ಯಾವುದು? ಯುದ್ಧಕ್ಕೆ ಹೊರಟ ಗಂಡನನ್ನ ಬೀಳ್ಕೊಡೋ ಹೆಂಡತಿ. ಹಾಡ್ತಾ ಹಾಡ್ತಾ ಗಂಟಲು ಕಟ್ಟುತ್ತೆ, ವೇಷದಲ್ಲೇ ರಂಗದಿಂದ ಓಡ್ತಾಳೆ. ಯಾಕೆ ಅಂತ ಕೂತು ನೋಡ್ತಿರೋ ಊರಿಗೆ ಗೊತ್ತಿಲ್ಲ. ನಮಗೆ ಗೊತ್ತು. ಲೆ ವಾನ್ ಅನ್ನೋ ನಟಿ ಆ ಪಾತ್ರ ಮಾಡಿದಾರೆ, ನರ್ತಕಿ ಆಕೆ. ಆ ಮುಖ ಮರೆಯೋದು ಸಾಧ್ಯವಿಲ್ಲ.

ಮಡಿಕೇರಿ_ಮಳೆ
ಇದನ್ನ ಓದಿ ಸುಮ್ಮನೆ ಹೋಗೋಕಾಗಲಿಲ್ಲ. ಕೊಡಗಿನಲ್ಲಿ ಸೈನ್ಯಕ್ಕೆ ಮಗನನ್ನ ಕಳಿಸದ ಮನೆ ಹುಡುಕಬೇಕು. 1971ರಲ್ಲಿ ನಮ್ಮ ಅಜ್ಜಿಯ ತಮ್ಮ ಹೋದಾಗ ತಂತಿ ಬಂದದ್ದನ್ನ ಮುತ್ತಜ್ಜಿಗೆ ಮನೆಯವರು ಹೇಳಲಿಲ್ಲ. ಗದ್ದೆ ಕುಯ್ಲು ಮುಗೀಲಿ ಅಂತ ಕಾದರಂತೆ. ಅಷ್ಟೂ ದಿನ ಅಜ್ಜಿ ಮುತ್ತಜ್ಜಿಯ ಎದುರು ಕೂತು ಊಟ ಬಡಿಸಿದಾರೆ. ಯುದ್ಧದ ಸಿನಿಮಾ ಅಂತ ನಾನು ನೋಡಿದ ಯಾವುದರಲ್ಲೂ ಈ ಭಾಗ ಬಂದಿಲ್ಲ. ಎಲ್ಲಿ ಸಿಗುತ್ತೆ ಈ ಚಿತ್ರ?

ಹಳೇ_ರೀಲು
ಯೂಟ್ಯೂಬಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರೋ ಪ್ರತಿ ಹುಡುಕಿ ಮೇಡಂ. ಇನ್ನೊಂದು ದೃಶ್ಯ ಕಾಯಿರಿ: ಏಳನೇ ತಿಂಗಳ ಹುಣ್ಣಿಮೆಯ ಸಂತೆ. ಬದುಕಿದವರೂ ಸತ್ತವರೂ ಒಂದೇ ಸಂತೆಯಲ್ಲಿ ಭೇಟಿ ಆಗ್ತಾರೆ ಅನ್ನೋ ನಂಬಿಕೆ. ಅಲ್ಲಿ ಅವಳಿಗೆ ಗಂಡ ಸಿಗ್ತಾನೆ. ಮೂಢನಂಬಿಕೆ ಅಂತ ಈ ಭಾಗಕ್ಕೆ ಸೆನ್ಸಾರಿನವರು ತುಂಬ ತೊಂದರೆ ಕೊಟ್ರು, ನಿರ್ದೇಶಕರು ಬಿಟ್ಟುಕೊಡಲಿಲ್ಲ.

ಧಾರವಾಡದ_ಮಂದಿ
ಗಂಡ ಅಮೆರಿಕದವ್ರ ಬಾಂಬಿಗೆ ಸತ್ತದ್ದು ಅಲ್ಲೇನ್ರಿ?

ಹಳೇ_ರೀಲು
ಅಲ್ಲ ಸರ್. ಅಮೆರಿಕ ಹೋದ ಮೇಲಿನ ಯುದ್ಧ, ನೈರುತ್ಯ ಗಡಿಯಲ್ಲಿ ಕಾಂಬೋಡಿಯಾ ಕಡೆಯದು. ಅದಕ್ಕೇ ಈ ಚಿತ್ರ ಮುಖ್ಯ. 1975ಕ್ಕೆ ಎಲ್ಲ ಮುಗೀತು ಅಂತ ನಾವು ಅಂದ್ಕೊಂಡಿದ್ದೀವಿ. ಅವರ ಹಳ್ಳಿಗಳಿಗೆ ಸಾವಿನ ಕಾಗದ ಬರೋದು ನಿಂತಿರಲಿಲ್ಲ. ನಿರ್ದೇಶಕರ ತಂದೆ ದಾಂಗ್ ವಾನ್ ನ್ಗು ಹೆಸರಾಂತ ವೈದ್ಯರು, ಮಲೇರಿಯಾ ಸಂಶೋಧನೆಗೆ ಅಂತ ಟ್ರೂಂಗ್ ಸೊನ್ ಬೆಟ್ಟಸಾಲಿಗೆ ಹೋಗಿದ್ದಾಗ 1967ರಲ್ಲಿ ಬಾಂಬ್ ದಾಳಿಗೆ ತೀರಿಕೊಂಡರು. ಸಾವಿನ ಸುದ್ದಿ ಮನೆಗೆ ಬರೋದು ಹೇಗಿರುತ್ತೆ ಅಂತ ಆ ಮನುಷ್ಯನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಧಾರವಾಡದ_ಮಂದಿ
ಹಂಗಾರ ನಾನೂ ಒಂದ ಹೇಳ್ತೀನಿ. 'ದಿ ಅಬಾಂಡನ್ಡ್ ಫೀಲ್ಡ್', 1979. ನ್ಗುಯೆನ್ ಹೊಂಗ್ ಸೆನ್. ಮೆಕಾಂಗ್ ಮುಖಜ ಭೂಮಿಯೊಳಗ ನೀರ ನಡುವ ಒಂದ ಗುಡಿಸಲಾ, ಗಂಡ-ಹೆಂಡತಿ, ಒಂದ ಕೂಸು. ಮ್ಯಾಲೆ ಹೆಲಿಕಾಪ್ಟರ್ ಬಂದಕೂಡಲೇ ಕೂಸನ್ನ ಪ್ಲಾಸ್ಟಿಕ್ ಚೀಲದಾಗ ಹಾಕಿ, ಬಾಯಿ ಬಿಗಿ ಹಿಡದು, ನೀರಾಗ ಮುಳುಗಿಸಿ ತಾವೂ ಮುಳುಗ್ತಾರ. ಹೆಲಿಕಾಪ್ಟರ್ ಹೋಗೂತನಕ. ಆಮ್ಯಾಲೆ ಎದ್ದು ಚೀಲಾ ಬಿಚ್ಚಿ ಕೂಸಿನ ಉಸಿರು ನೋಡ್ತಾರ. ನೋಡೂ ನಮಗ ಉಸಿರು ಕಟ್ಟತೈತ್ರಿ! ಮಾಸ್ಕೋ ಉತ್ಸವದಾಗ 1981ರಾಗ ಬಂಗಾರದ ಬಹುಮಾನ ಬಂತು. ಕಡೀಕ ಹೆಲಿಕಾಪ್ಟರ್ ಬೀಳತೈತಿ, ಸತ್ತ ಅಮೆರಿಕನ್ ಪೈಲಟ್ ಹತ್ರ ಅವನ ಹೆಂಡತಿ-ಮಗುವಿನ ಫೋಟೋ ಇರತೈತಿ. ಯುದ್ಧ ಮುಗದು ನಾಕ ವರ್ಷಕ್ಕ, ಸರ್ಕಾರಿ ಸಿನಿಮಾದಾಗ, ವೈರಿಗೂ ಒಂದ ಮನಿ ಐತಿ ಅಂತ ತೋರಿಸಿದ್ರಲ್ಲ, ಅದು ದೊಡ್ಡ ಮಾತು. ಹಾಲಿವುಡ್ಡಿನವ್ರು ಇದನ್ನ ಎಷ್ಟ ಸಲ ಮಾಡ್ಯಾರ?

ತುಮಕೂರು_ಟಾಕೀಸ್
'ಹೆವನ್ ಅಂಡ್ ಅರ್ಥ್' ಇದೆಯಲ್ಲ. ಆಲಿವರ್ ಸ್ಟೋನ್, 1993. ಲೆ ಲಿ ಹೇಸ್ಲಿಪ್ ಅನ್ನೋ ವಿಯೆಟ್ನಾಂ ಹೆಣ್ಣುಮಗಳ ಆತ್ಮಕಥೆ ಆಧಾರ. ಎರಡೂ ಕಡೆಯವರಿಂದ ಹಿಂಸೆ ಅನುಭವಿಸಿದವಳು. ಮಾಡಿದ್ದಾರೆ ಸ್ವಾಮಿ, ಜನ ನೋಡಲಿಲ್ಲ, ದುಡ್ಡು ಬರಲಿಲ್ಲ.

ಹಾಸನದ_ಪ್ರೇಕ್ಷಕ
ಇದು ನ್ಯಾಯವಾದ ಮಾತು. 'ಹೆವನ್ ಅಂಡ್ ಅರ್ಥ್' ಪಟ್ಟಿಗೆ ಸೇರಿಸ್ತೀನಿ.

ಸ್ಯಾನ್‌ಹೊಸೆ_ಕನ್ನಡಿಗ
ಒಂದು ಕಡೆಯ ಕಥೆ ಪೂರ್ತಿ ಬಿಟ್ಟು ಹೋಗ್ತಿದೆ. ನಾನಿರೋ ಸ್ಯಾನ್ ಹೊಸೆಯಲ್ಲಿ ಲಕ್ಷಕ್ಕೂ ಹೆಚ್ಚು ವಿಯೆಟ್ನಾಂ ಮೂಲದವರಿದ್ದಾರೆ. ಅಂಗಡಿ, ದೇವಸ್ಥಾನ, ಆಸ್ಪತ್ರೆ ಎಲ್ಲೆಲ್ಲೂ ಅವರು. ನಮ್ಮ ಪಕ್ಕದ ಮನೆಯ ಅಜ್ಜಿ ಯುದ್ಧ ಮುಗಿದ ಮೇಲೆ ದೋಣಿಯಲ್ಲಿ ದೇಶ ಬಿಟ್ಟು ಬಂದವರು. ಅವರ ಮನೆಯಲ್ಲಿ ಈಗಲೂ ಹಳದಿ ಬಟ್ಟೆಯ ಮೇಲೆ ಮೂರು ಕೆಂಪು ಪಟ್ಟೆಯ ಬಾವುಟವೇ ಇರೋದು, ಯುದ್ಧದಲ್ಲಿ ಸೋತ ದಕ್ಷಿಣ ವಿಯೆಟ್ನಾಮಿನದು. ಗೆದ್ದ ಉತ್ತರದ ಹನೋಯ್ ಸರ್ಕಾರದ ಸಿನಿಮಾ ಅಂದರೆ ಎದ್ದು ಹೋಗ್ತಾರೆ. ಅವರ ಗಂಡ 'ಮರುಶಿಕ್ಷಣ' ಶಿಬಿರಕ್ಕೆ, ಅಂದ್ರೆ ಸೋತ ಕಡೆಯವರನ್ನ ಕೂಡಿಹಾಕ್ತಿದ್ದ ಜಾಗಕ್ಕೆ, ಹೋಗಿ ಬಂದವರು.

ಅವರು ಟೀವಿ ಮುಂದೆ ಕೂರಿಸಿಕೊಂಡು ನನಗೆ ತೋರಿಸಿದ್ದು 'ಜರ್ನಿ ಫ್ರಮ್ ದಿ ಫಾಲ್', 2006, ಹ್ಯಾಮ್ ಟ್ರಾನ್ ನಿರ್ದೇಶನ. ಗಂಡ ಶಿಬಿರದಲ್ಲಿ, ಹೆಂಡತಿ, ಅತ್ತೆ, ಮಗ ದೋಣಿಯಲ್ಲಿ. ದೋಣಿಯ ತಳದಲ್ಲಿ ಜನ ಒತ್ತೊತ್ತಿ ಕೂತಿರೋ ಭಾಗ ಬಂದಾಗ ಅಜ್ಜಿ ಏನೂ ಮಾತಾಡದೆ ನನ್ನ ಕೈಗೆ ಇನ್ನೊಂದು ಕಿತ್ತಳೆ ಸುಲಿದು ಕೊಟ್ಟರು. ಹಾಂಗ್‌ಕಾಂಗಿನ ಆನ್ ಹುಯಿ 1982ರಲ್ಲೇ 'ಬೋಟ್ ಪೀಪಲ್' ಮಾಡಿದ್ರು, ಅದನ್ನೂ ನೋಡಿ. ಈ ಎರಡರಲ್ಲಿ ಒಂದೂ ಇಲ್ಲದೆ ಸರಣಿ ಮಾಡಿದರೆ ಅರ್ಧ ವಿಯೆಟ್ನಾಂ ಬಿಟ್ಟ ಹಾಗೆ.

ಕೆಂಪು_ದಾಸವಾಳ
ದೇಶ ಬಿಟ್ಟು ಹೋದವರ ಸಿನಿಮಾದಲ್ಲಿ ಇದ್ದವರ ಮೇಲೆ ಬಿದ್ದ ಬಾಂಬು ಬರೋದಿಲ್ಲ. 'ದಿ ಲಿಟಲ್ ಗರ್ಲ್ ಆಫ್ ಹನೋಯ್' ನೋಡಿ, 1974. 1972ರ ಡಿಸೆಂಬರಿನಲ್ಲಿ ಅಮೆರಿಕದ ಬಿ-52 ವಿಮಾನಗಳು ಹನೋಯ್ ಮೇಲೆ ಬಾಂಬ್ ಸುರಿದವಲ್ಲ, ಖಾಮ್ ಥಿಯೆನ್ ಬೀದಿ ನೆಲಸಮ ಆಯ್ತಲ್ಲ, ಅದಾದ ಸ್ವಲ್ಪ ದಿನಕ್ಕೇ ನಿರ್ದೇಶಕ ಹಾಯ್ ನಿನ್ ಆ ನಗರದಲ್ಲೇ ಕ್ಯಾಮೆರಾ ಇಟ್ಟರು. ಮನೆಯವರನ್ನ ಹುಡುಕಿಕೊಂಡು ಪಿಟೀಲಿನ ಪೆಟ್ಟಿಗೆ ಹಿಡಿದು ಒಬ್ಬಳೇ ನಡೆಯೋ ಹುಡುಗಿ. ಹಿಂದೆ ಕಾಣೋ ಇಟ್ಟಿಗೆ ರಾಶಿ ಸೆಟ್ ಅಲ್ಲ.

ಸ್ಯಾನ್‌ಹೊಸೆ_ಕನ್ನಡಿಗ
ಆ ಹುಡುಗಿಯ ದುಃಖ ಸುಳ್ಳು ಅಂತ ನಾನು ಹೇಳಲೇ ಇಲ್ಲ. ಅಜ್ಜಿಯದೂ ಸುಳ್ಳಲ್ಲ. ಎರಡನ್ನೂ ಒಂದೇ ತಿಂಗಳಲ್ಲಿ ತೋರಿಸಿ ಅಂತಿದ್ದೀನಿ.

ಕೆಂಪು_ದಾಸವಾಳ
ತೋರಿಸಲಿ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಬೇಡ. ಬಾಂಬ್ ಹಾಕಿದವರು ಯಾರು, ಹಾಕಿಸಿಕೊಂಡವರು ಯಾರು ಅನ್ನೋದು ಮರೆಯಬಾರದು.

ಸೈಗಾನ್_ಡೈರಿ
ಹೋಚಿಮಿನ್ ನಗರದಲ್ಲಿ ಕೆಲಸದ ಮೇಲಿದ್ದೀನಿ, ಇಲ್ಲಿಯ ಈಗಿನ ಸುದ್ದಿ ಹೇಳ್ತೀನಿ. 2025 ಯುದ್ಧ ಮುಗಿದ ಐವತ್ತನೇ ವರ್ಷ. ಏಪ್ರಿಲ್‌ನಲ್ಲಿ ಬುಯಿ ಥಾಕ್ ಚುಯೆನ್ ಅವರ 'ಟನಲ್ಸ್' ಬಂತು, ಕು ಚಿ ಸುರಂಗದೊಳಗಿನ ಗೆರಿಲ್ಲಾಗಳ ಕಥೆ. ಆಗಸ್ಟ್‌ನಲ್ಲಿ 'ರೆಡ್ ರೈನ್'. 1972ರಲ್ಲಿ ಕ್ವಾಂಗ್ ಟ್ರಿ ಕೋಟೆಗಾಗಿ ನಡೆದ 81 ದಿನದ ಕಾಳಗ. ಸೈನ್ಯದ್ದೇ ಸ್ಟುಡಿಯೋ, ನಿರ್ದೇಶಕಿ ದಾಂಗ್ ಥಾಯ್ ಹುಯೆನ್. ಇಲ್ಲಿಯ ದುಡ್ಡಲ್ಲಿ 700 ಶತಕೋಟಿ ದೋಂಗ್ ದಾಟಿ ಈ ದೇಶದ ಅತಿ ಹೆಚ್ಚು ಗಳಿಕೆಯ ಚಿತ್ರ ಆಯ್ತು. ನಾನು ಹೋದ ಆಟದಲ್ಲಿ ಕಾಲೇಜು ಹುಡುಗರು ತುಂಬಿದ್ರು, ಮುಗಿದ ಮೇಲೂ ಎಷ್ಟೋ ಜನ ಸೀಟಿನಲ್ಲೇ ಕೂತು ಅಳ್ತಿದ್ರು. ನನ್ನ ಪಕ್ಕದ ಹುಡುಗಿ ಫೋನ್ ತೆಗೆದು ಅವಳ ತಾತನ ಹಳೇ ಫೋಟೋ ನೋಡ್ತಾ ಇದ್ಲು.

ಇಷ್ಟೂ ಹೇಳಿ ಇನ್ನೊಂದು ಕಡೆಯನ್ನೂ ಹೇಳಬೇಕು. 2024ರಲ್ಲಿ ಕಾನ್‌ಗೆ ಹೋದ 'ವಿಯೆಟ್ ಅಂಡ್ ನಾಮ್' ಇಲ್ಲಿ ನಿಷೇಧ ಆಯ್ತು. ಇಬ್ಬರು ಗಣಿ ಕಾರ್ಮಿಕ ಹುಡುಗರ ಪ್ರೀತಿ, ಯುದ್ಧದಲ್ಲಿ ಸತ್ತ ಅಪ್ಪನ ಮೂಳೆ ಹುಡುಕೋ ಪಯಣ. ದೇಶವನ್ನ ತೀರಾ ಕತ್ತಲಾಗಿ ತೋರಿಸಿದೆ ಅನ್ನೋದು ಕಾರಣ. ವೀರರ ಕಥೆಗೆ ಚಿತ್ರಮಂದಿರ ಸಿಗುತ್ತೆ, ಮೂಳೆ ಸಿಗದ ಮನೆಯ ಕಥೆಗೆ ಸಿಗಲ್ಲ. ಈಗಲೂ ಇಲ್ಲಿ ಲಕ್ಷಾಂತರ ಸೈನಿಕರ ಅವಶೇಷ ಸಿಕ್ಕಿಲ್ಲ ಸರ್.

ಅಂಗಳದ_ಮಲ್ಲಿಗೆ
ಯುದ್ಧ, ಯುದ್ಧ, ಯುದ್ಧ. ಹೆಲಿಕಾಪ್ಟರ್ ಬೇಡ ಅಂತ ಶುರುವಾದ ಮಾತು ತಿರುಗಿ ಅಲ್ಲಿಗೇ ಬಂತು! ಅಲ್ಲಿ ಯಾರೂ ಮದುವೆ ಆಗಲ್ವಾ, ಸಾಲ ಮಾಡಲ್ವಾ, ತಂಗಿ ಜೊತೆ ಜಗಳ ಆಡಲ್ವಾ?

ಸೈಗಾನ್_ಡೈರಿ
'ದಿ ವರ್ಟಿಕಲ್ ರೇ ಆಫ್ ದಿ ಸನ್', 2000. ಪಪಾಯ ನಿರ್ದೇಶಕರದ್ದೇ, ಆದರೆ ಈ ಸಲ ಹನೋಯ್‌ನಲ್ಲೇ ತೆಗೆದದ್ದು. ಮೂವರು ಅಕ್ಕತಂಗಿಯರು ಅಮ್ಮನ ತಿಥಿ ಅಡುಗೆ ಮಾಡ್ತಾ ಕೂತು ಗಂಡಂದಿರ ಬಗ್ಗೆ ನಗಾಡೋ ದೃಶ್ಯ ಇದೆ, ನಿಮಗೆ ಬೇಕಾದ್ದು ಅದೇ. ಮಕ್ಕಳ ಚಿತ್ರ ಬೇಕಾದರೆ 2015ರ 'ಯೆಲ್ಲೋ ಫ್ಲವರ್ಸ್ ಆನ್ ದಿ ಗ್ರೀನ್ ಗ್ರಾಸ್'. ಆಗಿನ ಫೂ ಯೆನ್ ಪ್ರಾಂತ್ಯದ ಹಳ್ಳಿ, ಅಣ್ಣ ತಮ್ಮ, ಅಣ್ಣನ ಹೊಟ್ಟೆಕಿಚ್ಚು. ತಾಳ್ಮೆ ಇದ್ದವರಿಗೆ 2023ರ 'ಇನ್‌ಸೈಡ್ ದಿ ಯೆಲ್ಲೋ ಕಕೂನ್ ಶೆಲ್', ಮೂರು ಗಂಟೆ. ಅತ್ತಿಗೆ ಅಪಘಾತದಲ್ಲಿ ತೀರಿಕೊಂಡು, ಅವಳ ಮಗನನ್ನ ಕರಕೊಂಡು ಊರಿಗೆ ಹೋಗೋ ಯುವಕ. ಅದಕ್ಕೂ ಕ್ಯಾಮೆರಾ ದೋರ್ ಬಂತು.

ಧಾರವಾಡದ_ಮಂದಿ
ಅಲ್ರಿ ಸೈಗಾನ್ ಅಣ್ಣಾರ, ಅಲ್ಲಿ ಟೀವಿಯೊಳಗ ಹೊರದೇಶದ ಸಿನಿಮಾಕ್ಕ ಒಬ್ಬನ ದನಿಯಾಗ ಎಲ್ಲಾ ಪಾತ್ರ ಓದ್ತಾರಂತಲ್ಲ, ಖರೇನ?

ಸೈಗಾನ್_ಡೈರಿ
ಹೌದು. ಮೂಲ ಸದ್ದು ಹಿಂದೆ ಕೇಳ್ತಿರುತ್ತೆ, ಒಂದೇ ದನಿ ಗಂಡಿಗೂ ಹೆಣ್ಣಿಗೂ ಒಂದೇ ಏರಿಳಿತದಲ್ಲಿ ಓದುತ್ತೆ. ನಮ್ಮ ಹಿಂದಿ ಧಾರಾವಾಹಿಗಳನ್ನೂ ಇಲ್ಲಿ ನೋಡ್ತಾರೆ. ಇಲ್ಲಿಯ ಆಫೀಸಿನ ಅಕ್ಕಂದಿರು ನಾನು ಭಾರತದವನು ಅಂತ ಗೊತ್ತಾದ ದಿನವೇ 'ಬಾಲಿಕಾ ವಧು' ಕಥೆ ಶುರು ಮಾಡಿದ್ರು.

ತುಮಕೂರು_ಟಾಕೀಸ್
ನೋಡಿ, ಅಷ್ಟಾದರೂ ಅವರ ಭಾಷೆಯಲ್ಲಿ ಕೇಳ್ತಾರೆ. ನಾವು ಡಬ್ಬಿಂಗ್ ಬೇಡ ಅಂತ ದಶಕಗಟ್ಟಲೆ ಕೂತು, ಕನ್ನಡ ಮಾತ್ರ ಬರೋರಿಗೆ ಜಗತ್ತಿನ ಒಂದು ಸಿನಿಮಾನೂ ಸಿಗದ ಹಾಗೆ ಮಾಡಿದ್ವಿ. ಈ ಪಟ್ಟಿಯಲ್ಲಿ ಕನ್ನಡದಲ್ಲಿ ಸಿಗೋದು ಯಾವುದಿದೆ ಹೇಳಿ?

ಹಳೇ_ರೀಲು
ಡಬ್ಬಿಂಗ್ ಜಗಳಕ್ಕೆ ಬೇರೆ ಎಳೆ ತೆಗೀರಪ್ಪಾ. ಆದರೆ ಹಾಸನದವರೇ, ನಿಮ್ಮ ಬಳಗದಲ್ಲಿ ಇಂಗ್ಲಿಷ್ ಓದೋಕೆ ಕಷ್ಟ ಆಗೋರಿದ್ದರೆ ಕನ್ನಡ ಸಬ್‌ಟೈಟಲ್ ನಾವೇ ಮಾಡಬಹುದು. ಟೆಂತ್ ಮಂತ್ ಚಿತ್ರದಲ್ಲಿ ಮಾತು ಕಡಿಮೆ. ನಾನು ಅರ್ಧ ಮಾಡ್ತೀನಿ.

ಮಡಿಕೇರಿ_ಮಳೆ
ಇನ್ನರ್ಧ ನನಗೆ ಕೊಡಿ. ಆ ಕಾಗದಗಳನ್ನ ನಾನೇ ಕನ್ನಡಕ್ಕೆ ತರ್ತೀನಿ.

ಅಂಗಳದ_ಮಲ್ಲಿಗೆ
ಒಂದು ಸಾಕ್ಷ್ಯಚಿತ್ರ ನನ್ನ ಕಡೆಯಿಂದ. 'ಚಿಲ್ಡ್ರನ್ ಆಫ್ ದಿ ಮಿಸ್ಟ್', 2021, ಹಾ ಲೆ ಜಿಯೆಮ್. ಉತ್ತರದ ಸಾ ಪಾ ಕಡೆಯ ಬೆಟ್ಟದ ಹ್ಮಾಂಗ್ ಅನ್ನೋ ಬುಡಕಟ್ಟಿನ ಜಿ ಅನ್ನೋ ಹುಡುಗಿ. ಹೊಸ ವರ್ಷದ ಹಬ್ಬದಲ್ಲಿ ಹುಡುಗಿಯನ್ನ ಎತ್ತಿಕೊಂಡು ಹೋಗಿ ಮದುವೆ ಮಾಡಿಕೊಳ್ಳೋ ಪದ್ಧತಿ ಅವರಲ್ಲಿದೆ. ಈ ಹುಡುಗಿಗೆ ಓದಬೇಕು. ಹುಡುಗನ ಕಡೆಯವರು ಕೈಕಾಲು ಹಿಡಿದು ಎಳೆಯುವಾಗ ಅವಳು ಕ್ಯಾಮೆರಾ ಹಿಡಿದ ನಿರ್ದೇಶಕಿಯನ್ನೇ ಹೆಸರು ಹಿಡಿದು ಕೂಗಿ ಕಾಪಾಡು ಅಂತಾಳೆ. ಆಸ್ಕರ್ ಸಾಕ್ಷ್ಯಚಿತ್ರದ ಕಿರುಪಟ್ಟಿಗೆ ಹೋದ ಮೊದಲ ವಿಯೆಟ್ನಾಂ ಚಿತ್ರ ಇದು. ಹನೋಯ್, ಸೈಗಾನ್ ಎರಡರ ಕಥೆಯಲ್ಲೂ ಈ ಹುಡುಗಿ ಇಲ್ಲ.

ಕೆಂಪು_ದಾಸವಾಳ
ಹುಡುಗಿ ಕೂಗುವಾಗ ಕ್ಯಾಮೆರಾ ಆಫ್ ಮಾಡಬೇಕಿತ್ತು ಅಲ್ವಾ? ಚಿತ್ರೀಕರಣ ಮಾಡ್ತಾ ನಿಂತದ್ದು ಸರೀನಾ?

ಅಂಗಳದ_ಮಲ್ಲಿಗೆ
ನಿರ್ದೇಶಕಿ ಬರೀ ನಿಂತಿರಲಿಲ್ಲ, ಬಿಡಿ ಅವಳನ್ನ ಅಂತ ಅಡ್ಡ ಹೋಗ್ತಾರೆ, ಅದೂ ಚಿತ್ರದಲ್ಲಿದೆ. ವರ್ಷಗಟ್ಟಲೆ ಆ ಮನೆಯಲ್ಲಿ ಉಂಡು ಮಲಗಿ ಮಾಡಿದ ಚಿತ್ರ. ಕ್ಯಾಮೆರಾ ಆಫ್ ಆಗಿದ್ದರೆ ಅವತ್ತು ಸುತ್ತ ನಿಂತು ನೋಡಿದ ದೊಡ್ಡವರು ಯಾರೂ ನಮಗೆ ಕಾಣ್ತಿರಲಿಲ್ಲ. ಪೂರ್ತಿ ನೋಡಿ, ಆಮೇಲೆ ಜಗಳ ಆಡೋಣ.

ಹಾಸನದ_ಪ್ರೇಕ್ಷಕ
ಎಲ್ಲರಿಗೂ ವಂದನೆ. ಸದ್ಯಕ್ಕೆ ಹೀಗೆ: ಮೊದಲ ತಿಂಗಳು ಟೆಂತ್ ಮಂತ್, ಕನ್ನಡ ಸಬ್‌ಟೈಟಲ್ ಜೊತೆ. ಎರಡನೇದು 'ಅಬಾಂಡನ್ಡ್ ಫೀಲ್ಡ್', ಅದರ ಬೆನ್ನಿಗೇ 'ಜರ್ನಿ ಫ್ರಮ್ ದಿ ಫಾಲ್'. ಆಮೇಲೆ ಪಪಾಯ. ಅವತ್ತು ಮಲ್ಲಿಗೆ ಅಕ್ಕ ಬಂದು ಮಾತಾಡಬೇಕು, ಹಾಸನದ ಬಸ್ ಚಾರ್ಜು ಬಳಗದ್ದು. ಕೊನೆಗೆ 'ಚಿಲ್ಡ್ರನ್ ಆಫ್ ದಿ ಮಿಸ್ಟ್'. 'ಹೆವನ್ ಅಂಡ್ ಅರ್ಥ್' ಎಲ್ಲಿ ಕೂರಿಸೋದು ಅಂತ ತೋಚ್ತಿಲ್ಲ.

ತುಮಕೂರು_ಟಾಕೀಸ್
ಪಪಾಯ ಆದ ಮೇಲೆ ಇಡಿ. ಅಲ್ಲಿ ಮಾತಾಡದ ಹುಡುಗಿ, ಇಲ್ಲಿ ತನ್ನ ಕಥೆ ತಾನೇ ಹೇಳೋ ಹೆಂಗಸು.

ಅಂಗಳದ_ಮಲ್ಲಿಗೆ
ಇದು ಒಳ್ಳೇ ಸಲಹೆ. ಬರ್ತೀನಿ, ತಾರೀಕು ಹಾಕಿ.